ಅಂಚಿಗೆ ನಿಂತ ಮೊಲ

ಮೊಲದ ಕಿವಿಗಳು ಕಾಗದದ ಅಂಚಿಗೆ ತೀರ ಹತ್ತಿರವಿದ್ದವು. ಅಳಿಯನ ಬಾಳು ಹಳ್ಳ ಹಿಡಿಯಲು ಅಷ್ಟೇ ಸಾಕಾಯಿತು.

ಮನೆಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಅವನು ಅಳಿಯನೇ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಬೇಕೆಂಬುದು ಅವನ ಆಸೆ. ಹಗಲಲ್ಲೂ ದೀಪ ಬೇಕಾಗುವ ತಮ್ಮ ನಲ್ಲಿ-ಪೈಪಿನ ಅಂಗಡಿಯಲ್ಲಿ ಅವನನ್ನು ಕೂರಿಸಬೇಕೆಂಬುದು ಮಾವನ ಆಸೆ. ಅಲ್ಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮಾವನ ಅಣ್ಣ ಕೂತಲ್ಲೇ ಮುದುಕರಾಗಿದ್ದರು.

ಹೊಸ ಚಿತ್ರಗಾರರಿಗೆ ಕೈಹಿಡಿದು ಕಲಿಸುವ ಎರಡು ದಿನದ ಶಿಬಿರಕ್ಕೆ ಅಳಿಯ ಆಯ್ಕೆಯಾದಾಗ ಮಾವ ಷರತ್ತು ಹಾಕಿದರು.

"ಮೊದಲನೇ ದಿನ ಸಂಜೆನೇ ನಿಮ್ಮೆಲ್ಲರ ಪರಿಚಯದ ಪುಸ್ತಕ ಅಚ್ಚಾಗತ್ತೆ ಅಂದ್ರಲ್ಲ? ಅದ್ರಲ್ಲಿ ನಿಮ್ಮ ಚಿತ್ರನಾದ್ರೂ ಇರ್ಲಿ, ಮುಖನಾದ್ರೂ ಇರ್ಲಿ, ಕಣ್ಣಾರೆ ನೋಡ್ತೀನಿ. ಇಲ್ಲಾಂದ್ರೆ ಮಾರನೇ ಬೆಳಗ್ಗೆ ಅಂಗಡಿ ಬಾಗಿಲು ನೀವೇ ತೆಗೀಬೇಕು, ಅಳಿಯಂದ್ರೆ."

ಶಿಬಿರ ನಡೆಸುವ ಮೇಡಂ ಮಕ್ಕಳ ಪುಸ್ತಕಗಳಲ್ಲೇ ತಲೆ ನರೆಸಿಕೊಂಡವರು. ಅಳಿಯನ ಚಿತ್ರ ನೋಡಿ ತುಟಿ ಕಚ್ಚಿದರು.

"ಮೊಲ ಮುದ್ದಾಗಿದೆ. ಆದ್ರೆ ಪುಸ್ತಕ ಹೊಲಿದ ಮೇಲೆ ಯಂತ್ರ ಅಂಚನ್ನ ಸವರಿ ಹಾಕತ್ತೆ ಕಣಪ್ಪ. ಆಮೇಲೆ ಇದು ಮೊಲ ಅಲ್ಲ, ಇಲಿ. ಅಂಚನ್ನ ಮಾತ್ರ ನಂಬಬೇಡ. ಊಟದ ಹೊತ್ತಿನೊಳಗೆ ಬೇರೆ ಬರೆದುಕೊಡು."

ಅಳಿಯ ಬರೆದ. ಮೊಲ ಕ್ಷೇಮವಾಗಿ ಒಳಕ್ಕೆ ಸರಿಯಿತು. ಆದರೆ ಹೊರಗೆ ಮೋಡ, ಒಳಗೆ ಗೋಡೆಯೆಲ್ಲ ತೇವ. ಬಣ್ಣ ಆರಲೊಲ್ಲದು. ಸಾಲದ್ದಕ್ಕೆ ಜೊತೆಯವರೆಲ್ಲ ಒಳ್ಳೆಯವರು.

"ಊದಬೇಕು ಕಣಯ್ಯಾ," ಎಂದು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕೆನ್ನೆ ಉಬ್ಬಿಸಿ ಊದಿದರು. ಮೊಲದ ಕಣ್ಣು ಕರಗಿ ಗಲ್ಲಕ್ಕಿಳಿಯಿತು.

"ಅಯ್ಯೋ, ಅಳ್ತಾ ಇದೆಯಲ್ಲ ಮೇಷ್ಟ್ರೇ!"

"ಈಗ ನೋಡು, ಭಾವ ಬಂತು."

ಎದುರಿಗೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಟೈಲರಕ್ಕನೂ ಶಿಬಿರಕ್ಕೆ ಸೇರಿದ್ದಳು. ಓಡಿಹೋಗಿ ಇಸ್ತ್ರಿಪೆಟ್ಟಿಗೆ ತಂದಳು. "ಪಕ್ಕಕ್ಕೆ ಸರಿ ತಮ್ಮಾ. ನನ್ನ ಕೈಲಿ ರೇಷ್ಮೆಗೇ ಏನೂ ಆಗಿಲ್ಲ!"

ರೇಷ್ಮೆಗೆ ಆಗದ್ದು ಮೊಲಕ್ಕೆ ಆಯಿತು. ಹೊಗೆ ಆರಿದಾಗ ಅದು ಕರಕಲಾದ ಬನ್ನಿನಂತಿತ್ತು. ಕಿವಿಗಳಿದ್ದಲ್ಲಿ ಎರಡು ತೂತು.

ಮೇಡಂ ನಿಟ್ಟುಸಿರಿಟ್ಟರು. "ಇನ್ನು ಕಾಯೋಕಾಗಲ್ಲಪ್ಪ. ಗುಂಪಿನ ಫೋಟೋದಲ್ಲಾದ್ರೂ ಇರ್ತೀಯಲ್ಲ, ಸಮಾಧಾನ ಮಾಡ್ಕೋ." ಉಳಿದವರ ಚಿತ್ರಗಳನ್ನು ಎತ್ತಿಕೊಂಡು ಕೆಳಗಿನ ಪ್ರೆಸ್ಸಿಗೆ ಇಳಿದುಹೋದರು.

ಅಳಿಯನಿಗೆ ಉಳಿದದ್ದು ಮುಖವೊಂದೇ. ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ಅವನ ಪಾಲಿಗೆ ಬಂದದ್ದು ಬಲತುದಿ. ಅಂಚು! ಅವನು ಪಕ್ಕದವರ ತೋಳು ಹಿಡಿದುಕೊಂಡ.

"ನನ್ನನ್ನ ಒಳಗೆ ಸೇರಿಸ್ಕೊಳ್ಳಿ, ದಮ್ಮಯ್ಯ! ಇಲ್ಲಿದ್ರೆ ಸವರಿಬಿಡ್ತಾರೆ!"

"ಪಾಪ, ಚಿತ್ರ ಕಳ್ಕೊಂಡ ಹುಡುಗ. ನಟ್ಟನಡುವೆ ನಿಲ್ಲಲಿ," ಎಂದರು ಮೇಷ್ಟ್ರು. ಟೈಲರಕ್ಕ ಅವನ ತೋಳು ಹಿಡಿದೆಳೆದು ನಡುವೆ ನಿಲ್ಲಿಸಿ, ತಾನು ತುದಿಗೆ ಹೋದಳು. ಮದುವೆಯ ಫೋಟೋದಲ್ಲೂ ಅಳಿಯ ಅಷ್ಟು ಚೆನ್ನಾಗಿ ನಕ್ಕಿರಲಿಲ್ಲ.

ಸಂಜೆ ಪುಸ್ತಕಗಳು ಮೇಲೆ ಬಂದವು. ಅಂಗಡಿಗೆ ಬೀಗ ಹಾಕಿ ನೇರ ಬಂದಿದ್ದ ಮಾವ ಕನ್ನಡಕ ಏರಿಸಿ ಹಾಳೆ ತಿರುವಿದರು. ಫೋಟೋ ಎದುರುಬದುರಿನ ಎರಡು ಪುಟಗಳಿಗೂ ಹಾಸಿಕೊಂಡಿತ್ತು. ಎಡಕ್ಕೆ ಮೇಷ್ಟ್ರು ಹಲ್ಲುಕಿರಿದಿದ್ದರು. ಬಲತುದಿಯಲ್ಲಿ ಟೈಲರಕ್ಕನ ಒಂದು ಕೂದಲೂ ಕೊಂಕಿರಲಿಲ್ಲ. ಪುಟಗಳು ಕೂಡುವ ನಡುಮಡಿಕೆಯನ್ನು ಬಿಗಿಯಾಗಿ ಹೊಲಿದಿದ್ದರು. ನಟ್ಟನಡುವಿನ ಮನುಷ್ಯ ಅದರೊಳಗೆ ಮುಳುಗಿಹೋಗಿದ್ದ. ಎಡಪುಟದಲ್ಲೊಂದು ಕಿವಿ, ಬಲಪುಟದಲ್ಲೊಂದು ಕಿವಿ ಮಾತ್ರ ಹೊರಗುಳಿದಿದ್ದವು.

ಮಾವ ಪೈಪು ಬಗ್ಗಿಸುವ ಬಲ ಹಾಕಿ ಪುಸ್ತಕ ಹಿಗ್ಗಿಸಿ, ಮಡಿಕೆಯೊಳಗೆ ಇಣುಕಿದರು.

"ಈ ಕಿವಿ ಯಾರದು?"

"ನಂದೇ, ಮಾವ."

"ಅದು?"

"ಅದೂ ನಂದೇ."

ಅಳಿಯ ಮೇಡಂ ಕಡೆ ತಿರುಗಿದ. "ಅಂಚನ್ನ ನಂಬಬೇಡ ಅಂದಿದ್ರಲ್ಲ, ಮೇಡಂ!"

"ನಡುವನ್ನೂ ನಂಬಬಾರದು ಕಣಪ್ಪ," ಎಂದರು ಮೇಡಂ ಮರುಕದಿಂದ. "ಆ ಪಾಠ ನಾಳೆ ಬೆಳಗ್ಗೆ ಇದೆ. ತಪ್ಪಿಸ್ಬೇಡ, ಬೇಗ ಬಾ."

ಮಾವ ಪುಸ್ತಕ ಮುಚ್ಚಿದರು. ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಅಳಿಯನ ಅಂಗೈಯಲ್ಲಿಟ್ಟರು.