ರಾಯಪುರಂನ ಹಿಮಾಲಯ

ನಮ್ಮ ಭಾವನವರ ಮಾತನ್ನು ದೆಹಲಿಯವರು ಸಕಾಲದಲ್ಲಿ ಕೇಳಿದ್ದರೆ ಏಷ್ಯಾ ಖಂಡದ ಚರಿತ್ರೆಯೇ ಬೇರೆಯಾಗುತ್ತಿತ್ತು! ಇದು ಇತಿಹಾಸಕಾರರ ಅಭಿಪ್ರಾಯವಲ್ಲ, ಭಾವನವರದೇ ಅಭಿಪ್ರಾಯ. ಊಟಕ್ಕೆ ಕುಳಿತಾಗ ದಿನಕ್ಕೆರಡು ಬಾರಿ, ಏಕಾದಶಿಯಂದು ಊಟವಿಲ್ಲದ ಕಾರಣ ನಾಲ್ಕು ಬಾರಿ, ಇದನ್ನು ಕೇಳಿ ಕೇಳಿ ನನ್ನ ಕಿವಿ ದಡ್ಡುಗಟ್ಟಿದೆ.

ನಾನೇನೂ ಸುಲಭವಾಗಿ ನಂಬುವ ಆಸಾಮಿಯಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು; ಆಮೇಲೆ ಕಲಿತದ್ದೆಲ್ಲ ಮದರಾಸಿನ ಎಗ್ಮೋರಿನ ದೊಡ್ಡ ಗ್ರಂಥಾಲಯದ ಬೆಂಚಿನ ಮೇಲೆ. ಒಂದು ಸಂಗತಿಯನ್ನು ಒಂದು ಪುಸ್ತಕದಲ್ಲಿ ಕಂಡರೆ ಅನುಮಾನಿಸುವುದು, ಎರಡು ಪುಸ್ತಕಗಳಲ್ಲಿ ಒಂದೇ ತೆರನಾಗಿ ಕಂಡರೆ ಇನ್ನೂ ಹೆಚ್ಚು ಅನುಮಾನಿಸುವುದು ನನ್ನ ಪದ್ಧತಿ. ಇಂಥ ನನ್ನನ್ನೇ ಅವರು "ನೀನು ಹೇಳಿದ್ದೆಲ್ಲ ನಂಬುವ ಜನ ಮಾರಾಯ" ಎಂದು ಜರೆಯುತ್ತಿದ್ದರೆಂದರೆ, ಅವರ ಅಪನಂಬಿಕೆಯ ಆಳವನ್ನು ನೀವೇ ಊಹಿಸಿ.

ಭಾವ ತ್ರಿಪ್ಲಿಕೇನಿನ ಒಂದು ಉಡುಪಿ ಹೋಟೆಲಿನಲ್ಲಿ ಉಗ್ರಾಣದ ಉಸ್ತುವಾರಿಯವರು. ಉದ್ದಿನಬೇಳೆಯ ಮೂಟೆ ಬಂದರೆ ಅದರ ಬಾಯಲ್ಲಿರುವ ಬೇಳೆಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಿಯ ತೋಳು ಮಡಚಿ, ಭುಜದವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆಯುವರು. ಕಲ್ಲು ಇರುವುದು ಅಲ್ಲಿಯೇ! ಈ ಉಗ್ರಾಣ ಶಾಸ್ತ್ರವನ್ನೇ ಅವರು ಜಗತ್ತಿನ ಸೈನ್ಯಗಳಿಗೂ ಅನ್ವಯಿಸಿದರು.

"ಪೇಪರಿನವ ಮೂಟೆಯ ಬಾಯಿ ತೋರಿಸ್ತಾನೆ. ತಳದಲ್ಲಿ ಎಂತ ಉಂಟು ಅಂತ ಯಾರು ನೋಡಿದ್ದು?"

ಐವತ್ತರ ದಶಕದ ನಡುವೆ ಊರಿಗೆ ಊರೇ "ಹಿಂದೀ ಚೀನೀ ಭಾಯಿ ಭಾಯಿ" ಎಂದು ಕೂಗುತ್ತಿದ್ದಾಗ ಭಾವ ಮಾತ್ರ ಬಾಯಿ ಬಿಡಲಿಲ್ಲ. ಏಕೆಂದು ಕೇಳಿದೆ.

"ಅಣ್ಣತಮ್ಮ ಅಂದ ಮೇಲೆ ಪಾಲು ಕೇಳದೆ ಬಿಡ್ತಾರಾ? ಗಡಿಕಲ್ಲು ಎಲ್ಲಿ ಉಂಟು ಅಂತ ಮೊದಲು ನೋಡಿಕೊಳ್ಳಲಿ. ಕೂಗುವುದು ಆಮೇಲೆ."

ಪಾಕಿಸ್ತಾನಕ್ಕೆ ಅಮೆರಿಕದ ಟ್ಯಾಂಕು ಬಂದ ದಿನ ಭಾವನಿಗೆ ಅಜೀರ್ಣ. ಇಂಡೋನೇಷ್ಯ ಹೊಸ ಯುದ್ಧನೌಕೆಗಳನ್ನು ಕೊಂಡಿತೆಂಬ ಸುದ್ದಿ ಬಂದಾಗಲಂತೂ ಅವರು ಮರೀನಾಕ್ಕೆ ಹೋಗಿ ಗಂಟೆಗಟ್ಟಲೆ ಪೂರ್ವ ದಿಕ್ಕನ್ನು ದಿಟ್ಟಿಸಿ ಬಂದರು. "ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯ ಎಮ್ಡೆನ್ ಹಡಗು ಗುಂಡು ಹಾಕಿದ ಊರು ಇದು, ಮರೀಬೇಡ. ಇನ್ನೊಂದು ಬಂದರೆ ಮೊದಲು ಕಾಣುವುದು ನಮ್ಮ ಹೋಟೆಲಿನ ಹೊಗೆಗೂಡೇ!" ಇಂಡೋನೇಷ್ಯಕ್ಕೂ ನಮ್ಮ ಸಾಂಬಾರಿಗೂ ಏನು ವೈರವೆಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು.

ಈ ಚಿಂತೆಗಳನ್ನೆಲ್ಲ ಅವರು ದೆಹಲಿಗೆ ಕಾಗದ ಬರೆದು ತಿಳಿಸುತ್ತಿದ್ದರು. ಯಾವ ಭಾಷೆಯಲ್ಲಿ? ಅಚ್ಚಕನ್ನಡದಲ್ಲಿ!

"ಭಾವ, ಇಂಗ್ಲಿಷಿನಲ್ಲಿ ನಾನು ಬರೆದುಕೊಡ್ತೇನೆ."

"ಬೇಡ. ದಾರಿಯಲ್ಲಿ ಶತ್ರುವಿನ ಕೈಗೆ ಸಿಕ್ಕಿದರೂ ಓದಲಿಕ್ಕೆ ಬರಬಾರದು."

"ದೆಹಲಿಯವರಿಗೂ ಓದಲಿಕ್ಕೆ ಬರುವುದಿಲ್ಲವಲ್ಲ!"

"ಅದು ಅವರ ಸಿದ್ಧತೆಯ ಕೊರತೆ."

ಇಂಥ ಮನುಷ್ಯನ ಮನೆಯಲ್ಲಿ ಬೆಳೆದ ನನ್ನ ತಮ್ಮ ಒಂದು ಬೆಳಿಗ್ಗೆ ಸೈನ್ಯದ ಸಿಗ್ನಲ್ ವಿಭಾಗಕ್ಕೆ ಆಯ್ಕೆಯಾದ ಪತ್ರವನ್ನು ತಂದು ತೋರಿಸಿದ. ನಮ್ಮ ಕಡೆ ಎಳೆಯ ಹುಡುಗರನ್ನು ಮಾಣಿ ಎನ್ನುವುದು ರೂಢಿ. ತಮ್ಮನಿಗೆ ಮೀಸೆ ಬಂದ ಮೇಲೂ ಭಾವನ ಬಾಯಲ್ಲಿ ಅವನು ಮಾಣಿಯೇ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಕ್ಕನ ಸೆರಗು ಹಿಡಿದು ಮದರಾಸಿಗೆ ಬಂದ ನಮ್ಮಿಬ್ಬರನ್ನು ಸಾಕಿದವರು ಈ ಭಾವನೇ. ಅಂದು ಅವರು ಬೈಯಲಿಲ್ಲ, ಹರಸಲೂ ಇಲ್ಲ. ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ಕಿಟಕಿಯ ಬಳಿ ಓಡುತ್ತ ಕೇಳಿದ್ದು ಒಂದೇ ಪ್ರಶ್ನೆ:

"ಬಂದೂಕು ಯಾವ ಕಾಲದ್ದು ಅಂತ ಕೇಳಿದ್ಯನಾ?"

ಅರವತ್ತೆರಡರ ನವರಾತ್ರಿಯ ಹೊತ್ತಿಗೆ ತಮ್ಮನಿಂದ ಒಂದು ಕಾಗದ ಬಂತು. ಎತ್ತರದ ಜಾಗಕ್ಕೆ ಬಂದಿದ್ದೇವೆ, ಚಳಿ ಸ್ವಲ್ಪ ಇದೆ, ಕಾಲಿಗೆ ಕ್ಯಾನ್ವಾಸ್ ಬೂಟು ಕೊಟ್ಟಿದ್ದಾರೆ, ಹಗುರವಾಗಿದೆ ಎಂದು ಬರೆದಿದ್ದ. ಅಕ್ಕ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಭಾವ 'ಸ್ವಲ್ಪ' ಎಂಬ ಮಾತಿನ ಮೇಲೆ ಬೆರಳಿಟ್ಟರು.

"ಮಾಣಿ ಸ್ವಲ್ಪ ಜ್ವರ ಅಂದಾಗ ನೂರಮೂರು ಡಿಗ್ರಿ ಇತ್ತು. ನೆನಪುಂಟಾ?"

ಕೆಲವೇ ದಿನಗಳಲ್ಲಿ ಯುದ್ಧ ಶುರುವಾಯಿತು. ಕಾಗದ ನಿಂತಿತು. ಒಂದು ಪತ್ರಿಕೆ ನಮ್ಮ ಯೋಧರ ಬಳಿ ಸಕಲ ಸಲಕರಣೆಗಳೂ ಇವೆ ಎಂದರೆ, ಇನ್ನೊಂದು ಏನೇನೂ ಇಲ್ಲ ಎಂದಿತು. ನಾನು ನನ್ನ ಪದ್ಧತಿಯಂತೆ ಎರಡನ್ನೂ ನಂಬಲಿಲ್ಲ, ಅಷ್ಟಕ್ಕೆ ಸುಮ್ಮನಾದೆ. ಭಾವ ಸುಮ್ಮನಾಗುವ ಕುಲದವರೇ? ಕ್ಯಾನ್ವಾಸ್ ಬೂಟು ಹಿಮದಲ್ಲಿ ಎಷ್ಟು ಹೊತ್ತು ತಡೆಯುತ್ತದೆಂಬುದನ್ನು ಖುದ್ದಾಗಿ ತಿಳಿಯಬೇಕೆಂದು ಹಟ ಹಿಡಿದರು. ಆದರೆ ಮದರಾಸಿನಲ್ಲಿ ಹಿಮ ಎಲ್ಲಿಂದ ಬರಬೇಕು? ನಮ್ಮ ಬೀದಿಯ ಆಚೆ ಐಸ್‌ಹೌಸ್ ಎಂಬ ಪೇಟೆಯೇ ಇತ್ತು. ಐಸು ಆ ಹೆಸರಿನಲ್ಲಿ ಮಾತ್ರ, ಮಿಕ್ಕದ್ದೆಲ್ಲ ಬೆವರು.

ಹೋಟೆಲಿಗೆ ದಿನವೂ ಮರದ ಹೊಟ್ಟು ಮೆತ್ತಿ, ಗೋಣಿ ಸುತ್ತಿದ ಐಸಿನ ದೊಡ್ಡ ಗಡ್ಡೆಯೊಂದು ಬರುತ್ತಿತ್ತು. ಮಧ್ಯಾಹ್ನ ಹೋಟೆಲಿನ ಧಣಿಗಳು ಉಗ್ರಾಣಕ್ಕೆ ಬಂದು ನೋಡುತ್ತಾರೆ, ಭಾವ ಅದರ ಮೇಲೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು, ಧ್ವಜಸ್ತಂಭದಂತೆ ನಿಂತಿದ್ದಾರೆ!

"ಎಂತದಿದು! ಗಿರಾಕಿ ಕುಡಿಯುವ ಶರಬತ್ತಿನ ಐಸಲ್ಲವಾ ಅದು?"

"ದೇಶದ ಕೆಲಸ, ಧಣಿಗಳೇ."

"ದೇಶದ ಕೆಲಸ ಮಾಡುವುದಾದರೆ ದೇಶದ ಐಸಿನ ಮೇಲೆ ಮಾಡಿ!"

ಧಣಿಗಳ ಮಾತನ್ನು ಭಾವ ಆಜ್ಞೆಯೆಂದೇ ತಿಳಿದರು. ಮರುದಿನ ಬಸ್ಸು ಹತ್ತಿ, ನನ್ನನ್ನೂ ಎಳೆದುಕೊಂಡು, ರಾಯಪುರಂನ ಐಸ್ ಕಾರ್ಖಾನೆಗೆ ಹೋದರು. ಕಾವಲುಗಾರ ಭಾವನ ನಾಮ, ಜುಟ್ಟು ನೋಡಿ ಗಾಬರಿಯಾದ.

"ಸಾಮೀ, ಇದು ಮೀನುಕ್ಕು ಪೋರ ಐಸ್!"

ಮೀನಿಗೆ ಹೋಗುವ ಐಸಾದರೇನಂತೆ? "ಮೀನಿಗೆ ತಾಗುವ ಚಳಿ ಬೇರೆಯಾ?" ಎಂದು ಭಾವ ಒಳನಡೆದರು. ಈರುಳ್ಳಿಯನ್ನೂ ತಿನ್ನದ ಮನುಷ್ಯ! ಅಮೋನಿಯದ ಘಾಟು, ಉಪ್ಪುನೀರು, ಮೀನಿನ ಬುಟ್ಟಿಗಳ ನಡುವೆ ಸಾಲಾಗಿ ನಿಲ್ಲಿಸಿದ ಐಸಿನ ಗಡ್ಡೆಗಳು. ಅದಕ್ಕೆ ಭಾವ ಹಿಮಾಲಯವೆಂದು ಹೆಸರಿಟ್ಟರು. ನನ್ನ ಪಾಲಿನ ಕರ್ತವ್ಯವೇನು ಗೊತ್ತೇ? ನಿಮಿಷಕ್ಕೊಮ್ಮೆ ಬೂಟಿನ ಬಟ್ಟೆಯ ಮೇಲಿಂದಲೇ ಅವರ ಕಾಲ್ಬೆರಳಿಗೆ ಗೋಣಿ ಹೊಲಿಯುವ ಸೂಜಿಯಿಂದ ಚುಚ್ಚುವುದು! ಜಗತ್ತಿನ ಯಾವ ಭಾವಮೈದುನನಿಗೆ ಇಂಥ ಸದವಕಾಶ ದೊರೆತಿದೆ? ಒಂದೊಂದು ಚುಚ್ಚಿಗೂ "ಅಯ್ಯೋ ಪಾಪಿ", "ಮೆಲ್ಲಗೆ, ಚಂಡಾಲ" ಎಂದು ಬಯ್ಯುತ್ತಿದ್ದರು. ನಾನೂ ಹತ್ತು ವರ್ಷಗಳ ಉಪನ್ಯಾಸಗಳನ್ನೆಲ್ಲ ನೆನೆಸಿಕೊಂಡು ಶ್ರದ್ಧೆಯಿಂದಲೇ ಚುಚ್ಚಿದೆ. ಹನ್ನೆರಡನೆಯ ನಿಮಿಷದಲ್ಲಿ ಬೈಗುಳ ನಿಂತಿತು. ಮತ್ತೆ ಚುಚ್ಚಿದೆ. ಭಾವ ನನ್ನನ್ನೇ ನೋಡುತ್ತ ಕೇಳಿದರು: "ಚುಚ್ಚಿದ್ಯಾ?"

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಕಾಲ್ಬೆರಳುಗಳನ್ನು ತಿಕ್ಕಿಕೊಳ್ಳುತ್ತಲೇ ಇದ್ದರು.

ಮಾರನೆಯ ದಿನ ಬಚ್ಚಲಿನಿಂದ ಅಕ್ಕನ ಕೂಗು ಕೇಳಿತು. "ಇವರಿಗೆ ಎಂತ ಆಯ್ತೋ ನೋಡಾ! ಬಚ್ಚಲಲ್ಲಿ ಬೋರಲು ಬಿದ್ದುಕೊಂಡಿದ್ದಾರೆ!" ಭಾವ ಬಿದ್ದಿರಲಿಲ್ಲ, ಅಳತೆ ತೆಗೆಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಬಚ್ಚಲಿಗೆ ಸಿಮೆಂಟು ಹಾಕಿಸಿದಾಗ ತಮ್ಮ ಹಸಿನೆಲದ ಮೇಲೆ ಎಡಗಾಲಿಟ್ಟು ಓಡಿದ್ದ. ಅಂದು ಭಾವ ಅವನನ್ನು ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗಿದ್ದರು. ಇಂದು ಅದೇ ಹೆಜ್ಜೆಯ ಮೇಲೆ ಕಾಗದ ಹಾಸಿ, ಐದೂ ಬೆರಳುಗಳ ಸುತ್ತ ಪೆನ್ಸಿಲು ಎಳೆಯುತ್ತಿದ್ದರು. ಮಾಣಿಗೆ ಹಿಮದ ಬೂಟು ಹೊಲಿಸಬೇಕಂತೆ!

ಹೊಲಿಸುವುದು ಯಾರ ಕೈಯಲ್ಲಿ? ಮೌಂಟ್ ರೋಡಿನ ಚೀನೀ ಚಮ್ಮಾರರೊಬ್ಬರ ಕೈಯಲ್ಲಿ!

"ಭಾವ, ನಿಮಗೆ ತಲೆ ಸರಿ ಉಂಟಾ? ಯುದ್ಧ ನಡೆಯುವುದು ಯಾರ ಜೊತೆಗೆ?"

"ಅದಕ್ಕೇ ಮಾರಾಯ. ಆಚೆಯವರು ಎಂಥ ಬೂಟು ಹಾಕ್ತಾರೆ ಅಂತ ಇವರಿಗಲ್ಲದೆ ನಿನಗೆ ಗೊತ್ತಾ?"

ಅಂಗಡಿಯ ಮುದುಕರು ಭಾವನ ಮಾತನ್ನೆಲ್ಲ ಸಮಾಧಾನದಿಂದ ಕೇಳಿ, ನಮಗಿಂತ ಚೆನ್ನಾದ ತಮಿಳಿನಲ್ಲಿ ಹೇಳಿದರು: "ಪನಿಯಾ? ನಾನ್ ಮದ್ರಾಸ್‌ಲೆ ಪೊರಂದವನ್ ಸಾರ್. ಊಟಿ ಕೂಡ ಪಾತ್ತದಿಲ್ಲೆ!" ಮದರಾಸಿನಲ್ಲೇ ಹುಟ್ಟಿದವರು, ಹಿಮದ ಮಾತಿರಲಿ, ಊಟಿಯನ್ನೂ ಕಂಡವರಲ್ಲ! ಭಾವನ ಗೂಢಚರ್ಯೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹಿಮವನ್ನೇ ಕಾಣದ ಭಾವ ಮತ್ತು ಆ ಮುದುಕರು ಇಬ್ಬರೂ ಸೇರಿ, ಎರಡು ಪದರ ತೊಗಲಿನ ನಡುವೆ ಕಂಬಳಿ ಇಟ್ಟು, ವಾರಗಟ್ಟಲೆ ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದರು. ಅಂಗಡಿಗೆ ಬೇರೆ ಗಿರಾಕಿಗಳು ಬರುವುದು ನಿಂತಿತ್ತು. ಬಾಗಿಲಲ್ಲಿ ಮಫ್ತಿಯ ಪೊಲೀಸಿನವನೊಬ್ಬ ಸ್ಟೂಲು ಹಾಕಿಕೊಂಡು ಕುಳಿತಿದ್ದ. ನೀವೇಕೆ ಇಲ್ಲಿಗೆ ದಿನವೂ ಬರುತ್ತೀರೆಂದು ಅವನು ಗದರಿದ. ಭಾವ ಬಗ್ಗಿ ಅವನ ಪಾದಗಳನ್ನು ನೋಡಿದರು.

"ನಿಮ್ಮ ಬೂಟಿನ ಹೊಲಿಗೆ ಚಂದ ಉಂಟು. ಈ ಅಂಗಡಿಯದ್ದೇ ಅಲ್ಲವಾ?"

ಅವನು ಕಾಲುಗಳನ್ನು ಮೆಲ್ಲಗೆ ಸ್ಟೂಲಿನ ಅಡಿಗೆ ಎಳೆದುಕೊಂಡ.

ಹೊಸ ಬೂಟು ರಾಯಪುರಂನ ಹಿಮಾಲಯದಲ್ಲಿ ನಲವತ್ತು ನಿಮಿಷ ತಡೆಯಿತು. ನಲವತ್ತನೆಯ ಚುಚ್ಚಿಗೂ ಭಾವ ಗಟ್ಟಿಯಾಗಿ ಬೈದರು. ಅಷ್ಟು ಸಂತೋಷದಿಂದ ಬೈಸಿಕೊಂಡದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಬೂಟಿನ ಪಾರ್ಸೆಲು ಸೈನ್ಯದ ಅಂಚೆಯ ವಿಳಾಸಕ್ಕೆ ಹೋಯಿತು. ಯುದ್ಧವೂ ನಿಂತಿತು. ಕಾಗದ ಮಾತ್ರ ಬರಲಿಲ್ಲ.

ಆದರೆ ಭಾವ ರಾಯಪುರಂಗೆ ಹೋಗುವುದನ್ನು ಬಿಡಲಿಲ್ಲ! ಹೋಟೆಲಿನ ಕೆಲಸದ ನಡುವೆ ಮಧ್ಯಾಹ್ನ ಮಾಯವಾಗುವರು. ಸಂಜೆ ಕುಂಟುತ್ತ ಬರುವರು. ಅಕ್ಕ ಬಿಸಿ ಎಣ್ಣೆ ಹಚ್ಚಿ ಹಚ್ಚಿ ಸೋತಳು. ಬೂಟಿನ ಪರೀಕ್ಷೆ ಮುಗಿದು ತಿಂಗಳಾದ ಮೇಲೂ ಇದೆಂಥ ಹುಚ್ಚು? ನನ್ನ ಸಹನೆಗೂ ಒಂದು ಮಿತಿ ಬೇಡವೇ?

ಡಿಸೆಂಬರಿನ ಒಂದು ಮಧ್ಯಾಹ್ನ ತಮ್ಮನ ಕಾರ್ಡು ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಬೈಗುಳಗಳನ್ನು ಒಪ್ಪವಾಗಿ ಜೋಡಿಸಿಕೊಳ್ಳುತ್ತ, ಕಾರ್ಖಾನೆಗೆ ಹೋದೆ. ಒಳಗೆ ಭಾವ ಐಸಿನ ಗಡ್ಡೆಯ ಮೇಲೆ ನಿಂತಿದ್ದರು. ಗಡಿಯಾರವಿಲ್ಲ, ಸೂಜಿಯಿಲ್ಲ. ಬರಿಗಾಲು.

"ಯಾವ ಪರೀಕ್ಷೆ ಭಾವ ಇದು?"

"ಪರೀಕ್ಷೆ ಎಂತದೂ ಇಲ್ಲ." ಸಿಕ್ಕಿಬಿದ್ದವರಂತೆ ಮುಖ ತಿರುಗಿಸಿದರು. "ಪಾರ್ಸೆಲು ಮುಟ್ಟಿತಾ ಇಲ್ಲವಾ ಗೊತ್ತಿಲ್ಲ. ಅಲ್ಲಿ ಮಾಣಿ ಒಬ್ಬನೇ ನಿಂತಿರ್ತಾನಲ್ಲ ಮಾರಾಯ."

ಆ ಯುದ್ಧದ ಬಗ್ಗೆ ಆಮೇಲೆ ನಾನು ಹಲವು ಪುಸ್ತಕಗಳನ್ನು ಓದಿದ್ದೇನೆ. ಎಲ್ಲರ ಕಾಲಲ್ಲೂ ಕ್ಯಾನ್ವಾಸೇ ಇತ್ತೆಂದವರನ್ನೂ ನಾನು ನಂಬಿಲ್ಲ, ಯಾರಿಗೂ ಕೊರತೆಯಿರಲಿಲ್ಲವೆಂದವರನ್ನೂ ನಂಬಿಲ್ಲ. ನಾನು ಕಣ್ಣಾರೆ ಕಂಡು ಬಲ್ಲದ್ದು ಆ ಮೀನಿನ ವಾಸನೆಯ ಕೋಣೆಯಲ್ಲಿ ಬಿಳಿಚಿಕೊಂಡಿದ್ದ ಎರಡು ಪಾದಗಳನ್ನು ಮಾತ್ರ.

ಜೋಡಿಸಿಕೊಂಡಿದ್ದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ಕಾರ್ಡು ತೆಗೆದು, ಮುಚ್ಚಿಡಬೇಕಾದ್ದನ್ನೂ ಬಿಡದೆ, ಗಟ್ಟಿಯಾಗಿ ಓದಿದೆ. "ನಾನು ಕ್ಷೇಮ. ಕೆಳಗಿನ ಆಸ್ಪತ್ರೆಗೆ ಕರೆತಂದಿದ್ದಾರೆ. ಒಂದು ಕಾಲಿನ ಎರಡು ಬೆರಳು ತೆಗೆದಿದ್ದಾರೆ, ನಡೆಯಲು ಅಡ್ಡಿಯಿಲ್ಲವಂತೆ. ಪಾರ್ಸೆಲು ಯಾವುದೂ ಬಂದಿಲ್ಲ. ಮುಂದಿನ ತಿಂಗಳು ರಜೆಯಲ್ಲಿ ಬರುತ್ತೇನೆ. ಬೆರಳಿನ ವಿಷಯ ಭಾವನಿಗೆ ತಿಳಿಸಬೇಡಿ. ದೆಹಲಿಗೆ ಕಾಗದ ಬರೆದಾರು."

ಭಾವ ತಮ್ಮ ಪಾದಗಳತ್ತ ನೋಡಿಕೊಂಡರು. ಆಮೇಲೆ ಕೇಳಿದರು: "ಯಾವ ಕಾಲು?"

ಕಾರ್ಡಿನ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಅದೂ ಇತ್ತು.

"ಎಡದ್ದು."

ಭಾವ ನನ್ನ ಭುಜವನ್ನು ಹಿಡಿದುಕೊಂಡರು. ಹಿಡಿದುಕೊಂಡು, ಎಡಗಾಲನ್ನು ಮಾತ್ರ ಮೆಲ್ಲಗೆ ಐಸಿನ ಮೇಲಿನಿಂದ ಎತ್ತಿದರು.