ಗೇಟಿನಲ್ಲಿ ತಮಟೆ, ಸ್ಟೇಜಿನಲ್ಲಿ ನಾವು

ನಮ್ಮ ತಂಡದ ಕಥೆ ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನನಗೆ ಮಾತ್ರ ಮೈ ಉರಿಯುತ್ತದೆ. ಒಂಬತ್ತು ವರ್ಷದಿಂದ ಮೈಸೂರಿನಲ್ಲಿ ಹಿಪ್‌ಹಾಪ್ ಮಾಡುತ್ತಿದ್ದೇವೆ, ಒಂದು ಕಾರ್ಯಕ್ರಮವೂ ಎಡವಟ್ಟಿಲ್ಲದೆ ಮುಗಿದಿಲ್ಲ. ಎಡವಟ್ಟು ನಮ್ಮದಾಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಕರೆದವರದ್ದು, ಕೇಳಿದವರದ್ದು, ಅಕ್ಕಪಕ್ಕದವರದ್ದು ಎಲ್ಲವೂ ನಮ್ಮ ತಲೆ ಮೇಲೆ!

ನಾವು ಮೂವರು. ನಾನು ಪದ ಕಟ್ಟಿ ರ‍್ಯಾಪ್ ಹೇಳುವವನು, ಹೊಟ್ಟೆಪಾಡಿಗೆ ಕಡಕೊಳದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಎರಡನೆಯವಳು ಕೃಷ್ಣಮೂರ್ತಿಪುರಂನ ಪಿಟೀಲು ವಾದಕಿ, ನಮ್ಮ ಬಾಯಲ್ಲಿ ಪಿಟೀಲಮ್ಮ. ಮೂರನೆಯವರು ಮೇಷ್ಟ್ರು. ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತಾರೆ, ನಮ್ಮ ತಂಡದಲ್ಲಿ ತಮಟೆ ಬಾರಿಸುತ್ತಾರೆ. ಅವರ ತಾತ, ಅಪ್ಪ ಬಾರಿಸಿದ್ದೂ ತಮಟೆಯೇ. ರ‍್ಯಾಪಿಗೆ ಎಲ್ಲರೂ ಕಂಪ್ಯೂಟರಿನ ಬೀಟ್ ಹಾಕುವ ಕಡೆ ನಮ್ಮಲ್ಲಿ ತಮಟೆ ಇದೆ, ಅದರ ಮೇಲೆ ಪಿಟೀಲು ಓಡುತ್ತದೆ. ಮೇಷ್ಟ್ರ ಪೆಟ್ಟು ಇಲ್ಲದಿದ್ದರೆ ನಾನು ಮೈಕ್ ಹಿಡಿದು ಬಯ್ಯುವ ಒಬ್ಬ ಸಿಡುಕ, ಅಷ್ಟೇ. ಇದು ನಮಗೆ ಗೊತ್ತು. ಊರಿಗೆ ಗೊತ್ತಿಲ್ಲ.

೧. ಮೂರು ಕೋಣೆಯ ತಂಡ

ತಂಡ ಕಟ್ಟಿದ ಹೊಸದರಲ್ಲಿ ಒಂದು ಯುವಜನ ಸ್ಪರ್ಧೆಗೆ ಹೋದೆವು. ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕೂತಿದ್ದವರು ತಲೆ ಎತ್ತದೆ ಕೇಳಿದರು, "ಶಾಸ್ತ್ರೀಯವೋ, ಜಾನಪದವೋ, ಪಾಶ್ಚಾತ್ಯವೋ?"

"ಮೂರೂ ಸೇರಿದೆ ಸಾರ್."

"ಸೇರಿದೆ ಅನ್ನೋ ಕಾಲಂ ಇಲ್ಲ ಕಣ್ರೀ."

"ಹೊಸದಾಗಿ ಒಂದು ಕಾಲಂ ಹಾಕಿ ಸಾರ್."

ಅವರು ನನ್ನನ್ನು ಕನಿಕರದಿಂದ ನೋಡಿ, ಬರೆದೇಬಿಟ್ಟರು. ಪಿಟೀಲು ಶಾಸ್ತ್ರೀಯಕ್ಕೆ, ಮೊದಲನೇ ಮಹಡಿ. ತಮಟೆ ಜಾನಪದಕ್ಕೆ, ಹಿಂದಿನ ಶೆಡ್ಡು. ನಾನು ಪಾಶ್ಚಾತ್ಯ ಸಮೂಹ ಗಾಯನಕ್ಕೆ, ದೊಡ್ಡ ಹಾಲು. ಮೂರಕ್ಕೂ ಒಂದೇ ಸಮಯ, ಹನ್ನೊಂದು ಗಂಟೆ. ಜಗಳ ಮಾಡಿದೆ, ಕೂಗಾಡಿದೆ. "ಬೇಡದಿದ್ರೆ ಹೆಸರು ಹೊಡೆದು ಹಾಕ್ತೀನಿ" ಅಂದರು. ತೆಪ್ಪಗೆ ಹೋಗಿ ಮೂರು ಕಡೆ ನಿಂತೆವು.

ಮೇಷ್ಟ್ರಿಗೆ ಪ್ಯಾಂಟು ಹಾಕಿಕೊಂಡು ಜಾನಪದ ಬಾರಿಸಿದ್ದಕ್ಕೆ ಐದು ಅಂಕ ಕಳೆದರು. ಪಿಟೀಲಮ್ಮನಿಗೆ ಕಾಲಲ್ಲಿ ತಾಳ ಹಾಕಿದ್ದಕ್ಕೆ ಕಳೆದರು. ನಾನು ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬನೇ ನಿಂತು, ಪಕ್ಕವಾದ್ಯವಿಲ್ಲದೆ, ಬೆವರು ಸುರಿಸಿಕೊಂಡು ಹೇಳಿದೆ. ಸಂಜೆ ತೀರ್ಪುಗಾರರು ಬರೆದಿದ್ದ ಚೀಟಿ ಕೈಗೆ ಬಂತು. ಅದರಲ್ಲಿತ್ತು: "ಧ್ವನಿ ಪರವಾಗಿಲ್ಲ. ತಂಡದ ಸದಸ್ಯರ ನಡುವೆ ಹೊಂದಾಣಿಕೆ ಸಾಲದು."

೨. ಬೆಂಕಿ ಮತ್ತು ಹಾರ

ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿಯಬೇಕು. ಚರ್ಮ ಬಿಸಿಯಾಗಿ ಬಿಗಿದುಕೊಂಡರೆ ಮಾತ್ರ ನಾದ ಏಳುತ್ತದೆ, ಇಲ್ಲದಿದ್ದರೆ ರಟ್ಟಿನ ಡಬ್ಬ ಬಡಿದಂತೆ. ಒಂದು ಭಾನುವಾರ ಬೆಳಗ್ಗೆ ಪಿಟೀಲಮ್ಮನ ಮನೆಯಲ್ಲಿ ಅಭ್ಯಾಸ. ಒಳಗೆ ಹೊಗೆಯಾಗುತ್ತದೆ ಅಂತ ಮೇಷ್ಟ್ರು ಮನೆ ಮುಂದೆಯೇ ನಾಲ್ಕು ಕಡ್ಡಿ ಒಟ್ಟಿ, ಬೆಂಕಿ ಹಾಕಿ, ತಮಟೆ ಕಾಯಿಸಿ, ಒಂದೆರಡು ಪೆಟ್ಟು ಹಾಕಿ ನೋಡಿದರು. ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದೆ. ಮುಖ ಗಂಟು ಹಾಕಿಕೊಂಡಿದ್ದೆ, ಅದು ನನ್ನ ಮಾಮೂಲಿ ಮುಖ.

ಸಾವಾದ ಮನೆ ಮುಂದೆ ಬೆಂಕಿ ಹಾಕುವುದು ವಾಡಿಕೆ. ಅದರ ಜೊತೆಗೆ ತಮಟೆ ಬೇರೆ. ಬೀದಿ ಎರಡೂ ಸೇರಿಸಿ ಲೆಕ್ಕ ಹಾಕಿಬಿಟ್ಟಿತು. ಮನೆಯಲ್ಲಿ ಪಿಟೀಲಮ್ಮನ ತಾತ ಇದ್ದರು, ಎಂಬತ್ತು ದಾಟಿದವರು. ಹತ್ತೇ ನಿಮಿಷದಲ್ಲಿ ಎದುರು ಮನೆಯವರು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಬಂದು ನಿಂತರು. ಮೂರನೇ ಮನೆಯವರು ಪಿಟೀಲಮ್ಮನ ಚಿಕ್ಕಪ್ಪನಿಗೆ ಫೋನೂ ಮಾಡಿದರು. ಹಿಂದಿನ ಬೀದಿಯ ನಿವೃತ್ತ ಪೋಸ್ಟ್ ಮಾಸ್ಟರು ದೊಡ್ಡದೊಂದು ಸೇವಂತಿಗೆ ಹಾರ ಹಿಡಿದು ಬಂದು ನನ್ನ ಹೆಗಲು ಮುಟ್ಟಿ, "ಯಾವಾಗ ಹೋಯ್ತು ಜೀವ?" ಅಂದರು.

ನನಗೆ ರೇಗಿಹೋಯಿತು. ಪಕ್ಕದ ಬೀದಿಯಲ್ಲಿ ವೀಣೆ ಕೇಳಿದರೆ ಪಾಠ ನಡೆಯುತ್ತಿದೆ ಅನ್ನುತ್ತಾರೆ. ತಮಟೆ ಕೇಳಿದರೆ ಹೆಣ ಹುಡುಕುತ್ತಾರೆ! ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಕಾಫಿ ಲೋಟ ಹಿಡಿದು ತಾತನೇ ಹೊರಗೆ ಬಂದರು. ಪೋಸ್ಟ್ ಮಾಸ್ಟರಿಗೆ ಹಾರ ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

ತಾತ ಹಾರ ನೋಡಿದರು, ಬೆಂಕಿ ನೋಡಿದರು, ಅರ್ಥವಾಯಿತು. "ತಂದಿದ್ದು ತಂದಿದ್ದೀರಿ, ಒಳಗೆ ದೇವರಿಗೆ ಹಾಕಿ" ಅಂದರು. "ನಂದು ಇನ್ನೂ ಸ್ವಲ್ಪ ತಡ ಇದೆ."

೩. ಎಡಗಡೆಯ ಕೈ

ಒಮ್ಮೆ ಪತ್ರಿಕೆಯವರು ಬಂದು ಫೋಟೋ ತೆಗೆದರು. ಮೇಷ್ಟ್ರು ಎಡಗಡೆ ನಿಂತಿದ್ದರು. ಮಾರನೇ ದಿನ ಅಚ್ಚಾಯಿತು. "ಮೈಸೂರಿನ ಜೋಡಿಯ ಹೊಸ ಪ್ರಯೋಗ". ನಾನಿದ್ದೆ, ಪಿಟೀಲಮ್ಮ ಇದ್ದಳು, ಎಡಗಡೆಯಲ್ಲಿ ಕೋಲು ಹಿಡಿದ ಒಂದು ಕೈ ಇತ್ತು. ಮೊಣಕೈ ತನಕ.

ಫೋನ್ ಮಾಡಿ ಜಾಡಿಸಿದೆ. "ಜಾಗ ಸಾಲಲಿಲ್ಲ ಸಾರ್" ಅಂದರು. ಕೆಳಗಡೆ ಅಂಗೈ ಅಗಲದ ಉಪ್ಪಿನಕಾಯಿ ಜಾಹೀರಾತಿಗೆ ಜಾಗ ಇತ್ತು!

ಸಮಾಧಾನ ಹೇಳೋಣ ಅಂತ ಮೇಷ್ಟ್ರ ಮನೆಗೆ ಹೋದೆ. ಅವರ ತಾಯಿ ಆ ಫೋಟೋ ಕತ್ತರಿಸಿ, ನಡುಮನೆಯ ಗೋಡೆಯಲ್ಲಿ, ಬುದ್ಧನ ಪಟದ ಪಕ್ಕ ಅಂಟಿಸಿದ್ದರು. ನಮ್ಮಿಬ್ಬರನ್ನೂ ನೀಟಾಗಿ ಕತ್ತರಿಸಿ ತೆಗೆದು, ಕೈ ಒಂದನ್ನೇ ಉಳಿಸಿಕೊಂಡಿದ್ದರು. "ಎಂಗಿದೆ ನೋಡು ನನ್ ಮಗನ ಫೋಟೋ" ಅಂದರು. "ನೀವಿಬ್ರೂ ಅಡ್ಡ ಇದ್ರಿ ಕಣಪ್ಪ, ತೆಗೆದ್ಬುಟ್ಟೆ."

೪. ವಾಪಸ್ ಹೋಗುವ ಸಾಮಾನು

ಇದು ನಗಿಸುತ್ತದೆ, ಆದರೆ ಇದರಲ್ಲಿ ನನ್ನ ತಪ್ಪೂ ಇದೆ. ನಮ್ಮ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ನಮ್ಮದೇ ತಂಡ ಹಾಡಬೇಕು ಅಂತ ಎಚ್‌ಆರ್ ಸಾಹೇಬರು ಹೇಳಿದರು. ಖುಷಿಯಿಂದ ಕಾರ್ಖಾನೆಯ ಮೇಲೆಯೇ ಹೊಸ ರ‍್ಯಾಪ್ ಬರೆದೆ. ಅವರು ಕೆಂಪು ಪೆನ್ನು ಹಿಡಿದು ಕೂತರು.

"ಸಾಂಬಾರ್ ನೀರು ಅಂತ ಯಾಕೆ? ತೆಗೀರಿ."

"ಬಸ್ಸು ತಡ ಅಂತ ಬೇಡ."

"ಬೆವರು ಬೇಡ. ಫ್ಯಾನ್ ಇಲ್ಲ ಅಂದ ಹಾಗಾಗುತ್ತೆ."

"ಸೈರನ್ ಕೂಗಿತು ಅನ್ನೋದೂ ಬೇಡ, ಕೂಗಿತು ಅಂದ್ರೆ ಒರಟು."

ಕೊನೆಗೆ ಉಳಿದಿದ್ದು ಮೊದಲನೇ ಸಾಲು, "ಎಲ್ಲರಿಗೂ ನಮಸ್ಕಾರ".

ಆ ದಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಮೇಷ್ಟ್ರನ್ನು ತಡೆದು, ಹೊರಗಿನಿಂದ ಬಂದು ಮತ್ತೆ ಹೊರಗೆ ಹೋಗುವ ಸಾಮಾನಿನ ಪುಸ್ತಕ ತೆರೆದ. ಡೈ, ಮೋಟರು, ವೆಲ್ಡಿಂಗ್ ಸಿಲಿಂಡರು ಬರೆಯುವ ಪುಸ್ತಕ ಅದು. "ತಮಟೆ ಒಂದು, ಕೋಲು ಎರಡು, ಮನುಷ್ಯ ಒಂದು" ಅಂತ ಬರೆದುಕೊಂಡ. ಅಷ್ಟರಲ್ಲಿ ಎಚ್‌ಆರ್ ಸಾಹೇಬರು ಬಂದು, "ತಮಟೆಯವರು ಇಲ್ಲೇ ನಿಂತಿರಲಿ, ಎಂಡಿ ಕಾರು ಬಂದಾಗ ಬಾರಿಸಲಿ. ಒಳಗೆ ನಿಮಗೆ ಕಂಪ್ಯೂಟರ್ ಬೀಟ್ ಇದೆಯಲ್ಲ" ಅಂದರು.

ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು. ಒಳಗೆ ಹೋಗಿ ಆರು ನಿಮಿಷ "ಎಲ್ಲರಿಗೂ ನಮಸ್ಕಾರ" ಅಂತ ರ‍್ಯಾಪ್ ಮಾಡಿದೆ. ಪಿಟೀಲಮ್ಮ ನನ್ನ ಮುಖ ನೋಡದೆ ನುಡಿಸಿದಳು. ಎಂಡಿ ಕೈಕುಲುಕಿ, "ಸಾಹಿತ್ಯ ಬಹಳ ಅರ್ಥಪೂರ್ಣವಾಗಿದೆ" ಅಂದರು.

ಮೇಷ್ಟ್ರು ಎರಡು ಗಂಟೆ ಬಿಸಿಲಿನಲ್ಲಿ ನಿಂತಿದ್ದರು. ವಾಪಸ್ ಹೊರಟಾಗ ಸೆಕ್ಯೂರಿಟಿಯವನು ಕೋಲು ಎರಡೂ ಇವೆಯಾ ಅಂತ ನೋಡಿ, ಮನುಷ್ಯನ ಮುಂದೆ ಟಿಕ್ ಹಾಕಿ, "ಸಾಮಾನು ಸರಿಯಾಗಿ ಹೋಯ್ತು ಅಂತ ಸೈನ್ ಮಾಡಿ" ಅಂದ. ಮೇಷ್ಟ್ರೇ ಸೈನ್ ಮಾಡಿದರು.

ನಂಜನಗೂಡು ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಅವರು ಮೆಲ್ಲಗೆ ಹೇಳಿದರು. "ನೋಡೋ, ನಮ್ಮ ತಾತ ಹೊರಗಡೆ ನಿಂತ್ಕೊಂಡು ಬಾರಿಸ್ದ. ನಮ್ಮಪ್ಪಾನೂ ಹೊರಗಡೆನೇ. ನಾನು ಒಳಗೋಗಿ ಬಾರಿಸ್ಬೇಕು ಅಂತಾನೇ ನಿಮ್ ಜೊತೆ ಸೇರಿದ್ದು. ಇನ್ನೊಂದ್ ಸಲ ಗೇಟಲ್ಲಿ ನಿಲ್ಲಿಸ್ಬುಟ್ರೆ ನಾನು ಈ ತಂಡದಲ್ಲಿ ಇರಲ್ಲ. ಅವರು ನಿಲ್ಲಿಸಿದ್ದಕ್ಕಲ್ಲ ಕಣೋ ಬೇಜಾರು. ನೀನು ಸುಮ್ನೆ ಒಳಗೋದ್ಯಲ್ಲ."

ಎಚ್‌ಆರ್ ಸಾಹೇಬರ ಮೇಲಿನ ಸಿಟ್ಟೆಲ್ಲ ತಿರುಗಿ ನನ್ನ ಮೇಲೆಯೇ ಬಂತು. ಊರಿಗೆಲ್ಲ ಮೈಕಿನಲ್ಲಿ ಬುದ್ಧಿ ಹೇಳುವವನು ನಾನು. ಆ ದಿನ ನನ್ನ ಬಾಯಲ್ಲಿ ಉಳಿದಿದ್ದದ್ದು "ಎಲ್ಲರಿಗೂ ನಮಸ್ಕಾರ" ಒಂದೇ.

೫. ವಿಜಯನಗರದ ಸ್ವಾಗತ

ಅದಾದ ಮೇಲೆ ವಿಜಯನಗರದ ಒಂದು ಬಡಾವಣೆಯವರು ರಾಜ್ಯೋತ್ಸವಕ್ಕೆ ಕರೆದರು. ಸಂಘದ ಕಾರ್ಯದರ್ಶಿಗಳಿಗೆ ಮೂರು ಸಲ ಫೋನ್ ಮಾಡಿ ಕೇಳಿದೆ. "ಮೂವರೂ ಸ್ಟೇಜಿನ ಮೇಲೆ ತಾನೇ ಸಾರ್?" ಮೂರು ಸಲವೂ "ಹೌದು ಹೌದು, ಅದೇನ್ರೀ ಅನುಮಾನ" ಅಂದರು.

ಬೆಳಗ್ಗೆ ಹೋದರೆ, ರೇಷ್ಮೆ ಜುಬ್ಬಾದ ಕಾರ್ಯದರ್ಶಿಗಳು ಗೇಟಿನಲ್ಲೇ ಸಿಕ್ಕಿದರು. "ನೀವಿಬ್ಬರೂ ಒಳಗೆ ಬನ್ನಿ. ತಮಟೆಯವರು ಇಲ್ಲೇ ಇರಲಿ, ಮುಖ್ಯ ಅತಿಥಿಗಳ ಸ್ವಾಗತಕ್ಕೆ. ಆಮೇಲೆ ಊಟಕ್ಕೆ ಬರಲಿ, ಪಾಪ."

ಮೇಷ್ಟ್ರು ತಮಟೆಯನ್ನು ಚೀಲಕ್ಕೆ ತುರುಕತೊಡಗಿದರು. ಆ ಚೀಲದ ಜಿಪ್ಪು ಎಳೆದರೆ ಒಂಬತ್ತು ವರ್ಷದ ತಂಡ ಮುಗಿಯಿತು ಅಂತ ನನಗೆ ಗೊತ್ತಿತ್ತು. ಅವರ ಕೈ ಹಿಡಿದುಕೊಂಡೆ.

"ಸ್ವಾಗತ ತಾನೇ ಸಾರ್?" ಅಂದೆ, ಗೇಟು ಅದುರುವಷ್ಟು ಜೋರಾಗಿ. "ಮೂವರೂ ಇಲ್ಲೇ ಮಾಡ್ತೀವಿ. ಒಳಗೆ ನೀವೇ ಹಾಡ್ಕೊಳ್ಳಿ!"

ಪಿಟೀಲಮ್ಮ ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು ಶ್ರುತಿ ಮಾಡಿಕೊಂಡಳು. ಮೇಷ್ಟ್ರು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ, ತಮಟೆ ಹೊರಗೆ ತೆಗೆದು, ಗೇಟಿನ ಬಳಿ ಉಳಿದು ಬಿದ್ದಿದ್ದ ಸಂಘದ ಆಮಂತ್ರಣ ಪತ್ರಿಕೆಗಳನ್ನೇ ಒಟ್ಟಿ ಬೆಂಕಿ ಹಾಕಿ ಕಾಯಿಸಿದರು. ಮೊದಲ ಪೆಟ್ಟಿಗೆ ನಾನು ಶುರು ಮಾಡಿದೆ. ಬರೆದಿದ್ದಲ್ಲ, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು:

ಗೇಟು ಕಾಯೋಕೆ ಬೀಗ ಐತೆ, ಮೇಷ್ಟ್ರು ಯಾಕೆ?
ಕೈ ಮುಗಿಯೋಕೆ ಸಾಲು ಐತೆ, ನಾವು ಯಾಕೆ?
ಒಳಗೆ ಖಾಲಿ ಕುರ್ಚಿ, ಹೊರಗೆ ನೆಲ ಬಿಸಿ,
ಇಲ್ಲೇ ಸ್ಟೇಜು, ಇಲ್ಲೇ ಸಭೆ, ಯಾರಿಗೇನು ಕಸಿವಿಸಿ?

ಮೊದಲು ಮಕ್ಕಳು ಹೊರಗೆ ಬಂದರು. ಆಮೇಲೆ ರಂಗೋಲಿ ಸ್ಪರ್ಧೆಯ ಹೆಂಗಸರು, ಅವರ ಹಿಂದೆ ಗಂಡಸರು, ಕೊನೆಗೆ ಮೈಕ್‌ಸೆಟ್ಟಿನವನು. ಒಳಗಿನ ಸ್ಪೀಕರಿನಲ್ಲಿ ಕಾರ್ಯದರ್ಶಿಗಳು ಖಾಲಿ ಹಾಲಿಗೆ, "ಕಿಕ್ಕಿರಿದು ನೆರೆದಿರುವ ಬಂಧುಗಳೇ" ಅನ್ನುತ್ತಿದ್ದದ್ದು ಕೇಳಿಸುತ್ತಿತ್ತು.

ಮುಖ್ಯ ಅತಿಥಿ ಒಬ್ಬ ನಿವೃತ್ತ ಡಾಕ್ಟರಮ್ಮ, ಆ ಬಡಾವಣೆಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವರು. ಅವರು ಕಾರಿನಲ್ಲಿ ಬರುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರೆ, ಆಟೋದಲ್ಲಿ ಬಂದು ಇಳಿದು, ಜನರ ನಡುವೆ ನಿಂತು, ಕಾಲಲ್ಲಿ ತಾಳ ಹಾಕುತ್ತಿದ್ದರು. ಕಾರ್ಯದರ್ಶಿಗಳು ಓಡಿ ಬಂದು ನೋಡಿ ಬೆಚ್ಚಿಬಿದ್ದರು.

"ಅಮ್ಮಾ, ಒಳಗೆ ಬನ್ನಿ!"

"ಇವರು ಮೂವರೂ ಬಂದ್ರೆ ಬರ್ತೀನಿ ಕಣಪ್ಪ. ಇಲ್ಲಾಂದ್ರೆ ನಿನ್ನ ಶಾಲು, ಹಾರ ಇಲ್ಲಿಗೇ ತಂದ್ಬಿಡು."

ಕಾರ್ಯದರ್ಶಿಗಳು ಬೆವರು ಒರೆಸಿಕೊಂಡು ಮೇಷ್ಟ್ರ ಕಡೆ ತಿರುಗಿದರು. "ದಯವಿಟ್ಟು ಸ್ಟೇಜಿಗೆ ಬನ್ನಿ ಮೇಷ್ಟ್ರೇ."

"ಬರ್ತೀನಿ ಸಾರ್" ಅಂದರು ಮೇಷ್ಟ್ರು, ಬಹಳ ವಿನಯದಿಂದ. "ಆದ್ರೆ ಈ ಗೇಟಲ್ಲಿ ತಮಟೆ ಇಲ್ಲದೆ ಯಾರೂ ಒಳಗೋಗಂಗಿಲ್ಲವಲ್ಲ, ನಿಮ್ಮ ಪದ್ಧತಿ." ಹಾಗೆಂದು ತಮಟೆಯನ್ನು ತೆಗೆದು ಕಾರ್ಯದರ್ಶಿಗಳ ಕೊರಳಿಗೆ ಹಾಕಿ, ಎರಡೂ ಕೋಲು ಕೈಗಿಟ್ಟರು. "ಮುಂದೆ ನಡೀರಿ ಸಾರ್, ನಾವು ಹಿಂದೆ ಬತ್ತೀವಿ."

ಜನ ಹೋ ಅಂತ ಕೂಗಿದರು. ಡಾಕ್ಟರಮ್ಮ ನಗಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಕಾರ್ಯದರ್ಶಿಗಳು ಬೇರೆ ದಾರಿಯಿಲ್ಲದೆ ರೇಷ್ಮೆ ಜುಬ್ಬಾದ ಮೇಲೆ ತಮಟೆ ನೇತುಹಾಕಿಕೊಂಡು, ಡಬ್, ಡುಬ್, ಡಬ್ ಅಂತ ಬಡಿಯುತ್ತ ನಡೆದರು. ಹಿಂದೆ ಮೇಷ್ಟ್ರು, ಅವರ ಹಿಂದೆ ನಾವಿಬ್ಬರು, ಡಾಕ್ಟರಮ್ಮ, ಇಡೀ ಬಡಾವಣೆ. ಸ್ಟೇಜಿನ ಮೊದಲ ಮೆಟ್ಟಿಲ ಮೇಲೆ ಕಾರ್ಯದರ್ಶಿಗಳು ಕಾಲಿಟ್ಟರು. ಮುಗಿಯಿತು ಅಂದುಕೊಂಡು ಅವರು ಉಸಿರು ಬಿಟ್ಟರು.

"ಸಾರ್," ಮೇಷ್ಟ್ರು ನಿಂತರು. ಅದು ಕ್ಲಾಸಿನಲ್ಲಿ ಕೊನೇ ಬೆಂಚಿಗೂ ಕೇಳಿಸುವ ದನಿ. "ತಾಳ ತಪ್ಪೋಯ್ತು. ಮತ್ತೆ ಗೇಟಿಂದ ಬನ್ನಿ."

ಕಾರ್ಯದರ್ಶಿಗಳು ಕಾಪಾಡಿ ಅನ್ನುವಂತೆ ಡಾಕ್ಟರಮ್ಮನ ಮುಖ ನೋಡಿದರು. ಡಾಕ್ಟರಮ್ಮ ಗೇಟಿನ ಕಡೆ ಕೈ ತೋರಿಸಿದರು.