ಭಾವನ ಹಲ್ಲಿಗೆ ಆಲಿವ್ ಮಾಂಸ

ಹೆಂಡತಿ: ನಿನ್ನೆ ಬೆಳಿಗ್ಗೆ ಏನಂದ್ರಿ? "ಮಾಂಸ ಸ್ವಲ್ಪ ಗಟ್ಟಿಯಾಗೇ ಇರಲಿ, ಮೂಳೆ ಬಿಡಿಸಬೇಡ" ಅಂದ್ರಿ. ಅಂದ್ರೋ ಇಲ್ವೋ?

ಮೇಸ್ತ್ರಿ: ಅಂದೆ. ಅದು ನಿನ್ನೆ.

ಹೆಂಡತಿ: ಇವತ್ತು?

ಮೇಸ್ತ್ರಿ: ಇವತ್ತು ಮೂಳೆ ಬೇಡ, ಗಟ್ಟಿ ಬೇಡ, ಆಲಿವ್ ಕಾಯಿಯೊಳಗೆ ಬೀಜಾನೂ ಬೇಡ ಅಂತೀನಿ.

ಹೆಂಡತಿ: ಕುರಿ ಬೇಕೋ, ಅದನ್ನೂ ವಾಪಸ್ ಕೊಟ್ಟು ಬರಲೋ?

ಮೇಸ್ತ್ರಿ: ಕುರಿ ಇರಲಿ. ಎಳೇದು ತಾನೆ?

ಹೆಂಡತಿ: ಅಂಗಡಿಯವನು ಎಳೇದು ಅಂದ. ಅದರ ಜಾತಕ ನಾನು ಕೇಳಲಿಲ್ಲ.

ಒಲೆಯ ಮೇಲೆ ದಪ್ಪ ತಳದ ಪಾತ್ರೆಯಿತ್ತು. ಹಲಗೆಯ ಮೇಲೆ ಕುರಿಮರಿಯ ಭುಜದ ಮಾಂಸ, ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ, ಬಿಡಿಸಿದ ಬೆಳ್ಳುಳ್ಳಿ. ಕಿಟಕಿಯ ಕಟ್ಟೆಯ ಮೇಲೆ ಉಪ್ಪುನೀರಿನಲ್ಲಿ ಮುಳುಗಿದ ಆಲಿವ್ ಕಾಯಿಗಳ ಸೀಸೆ. ಬಾಗಿಲಿಗೆ ಒರಗಿ ನಿಂತವನನ್ನು ಬೀದಿಯವರು ಹಲ್ಲುಮೇಸ್ತ್ರಿ ಎಂದು ಕರೆಯುತ್ತಿದ್ದರು. ಹಲ್ಲು ಕೀಳುವುದು ವೈದ್ಯರ ಕೆಲಸ. ಕಿತ್ತ ಜಾಗಕ್ಕೆ ಹೊಸ ಹಲ್ಲಿನ ಸೆಟ್ಟು ಮಾಡಿಕೊಡುವುದು ಇವನ ಕೆಲಸ. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಕಡಲೆ ಮತ್ತು ಹಲ್ಲಿನ ಗಾದೆಯನ್ನು ಹೇಳಿ ತಾನೇ ಮೊದಲು ಹೇಳಿದವನಂತೆ ನಗದ ಗಿರಾಕಿಯನ್ನು ಅವನು ಮೂವತ್ತೈದು ವರ್ಷಗಳಲ್ಲಿ ಕಂಡಿರಲಿಲ್ಲ.

ಈ ದಿನ ಒಂದು ಗಂಟೆಗೆ ಊಟಕ್ಕೆ ಬರಬೇಕಾಗಿದ್ದವನು ಹೆಂಡತಿಯ ಅಣ್ಣ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಯಾರ ಮುಖವನ್ನು ನೋಡಿದರೂ ಇವನ ಹತ್ತಿರ ಟಿಕೆಟ್ಟಿಲ್ಲ ಎಂದೇ ಭಾವಿಸುವ ಕಣ್ಣು ಅವನಿಗೆ ಇನ್ನೂ ಉಳಿದಿತ್ತು. ಮೂವತ್ತೊಂದು ವರ್ಷಗಳ ಹಿಂದೆ ಮೇಸ್ತ್ರಿ ಹೆಣ್ಣು ಕೇಳಲು ಹೋದಾಗ ಇದೇ ಭಾವ, "ನಮ್ಮ ತಂಗಿಗೆ ಹಲ್ಲು ಮಾಡೋವನೇ ಗತಿಯಾ? ಅವನು ಮಾಡೋದೆಲ್ಲ ಸುಳ್ಳು ಹಲ್ಲು; ಮಾತು ಮಾತ್ರ ನಿಜ ಇರುತ್ತೋ?" ಎಂದಿದ್ದ. ಮದುವೆ ನಡೆಯಿತು. ಮಾತು ಮಾತ್ರ ಮೇಸ್ತ್ರಿಯ ಗಂಟಲಲ್ಲಿ ಮುಳ್ಳಾಗಿ ಉಳಿಯಿತು.

ಭಾವನ ಹಲ್ಲುಗಳು ಒಂದೊಂದಾಗಿ ಉದುರಿದಾಗಲೂ ಅವನು ಇವನ ಬಳಿಗೆ ಬರಲಿಲ್ಲ. ಬೇರೆ ಇಬ್ಬರ ಬಳಿ ಎರಡು ಸೆಟ್ಟು ಮಾಡಿಸಿ, ಎರಡನ್ನೂ ಮೇಜಿನ ಖಾನೆಯಲ್ಲಿ ಮಲಗಿಸಿ, ಎರಡು ವರ್ಷ ಗಂಜಿ ಕುಡಿದ. ಕೊನೆಗೆ ಬೇರೆ ದಾರಿ ಕಾಣದೆ ಬಂದು ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದ. ಮೇಸ್ತ್ರಿಯ ಪಾಲಿಗೆ ಅದು ಬರಿಯ ಬಾಯಲ್ಲ, ಗೆದ್ದ ಕೋಟೆಯ ಬಾಗಿಲು. ಬುಧವಾರ ಸೆಟ್ಟು ಕೊಡುವಾಗ, "ಮೂಳೆ ಕಡಿದರೂ ಜಗ್ಗಲ್ಲ ಭಾವ" ಎಂದ. ಭಾವ, "ನೋಡೋಣ. ಭಾನುವಾರ ತಂಗಿ ಕೈಯಲ್ಲಿ ಆಲಿವ್ ಹಾಕಿದ ಕುರಿ ಮಾಂಸ ಮಾಡಿಸು. ಕಚ್ಚಿ ನೋಡಿ ಹೇಳ್ತೀನಿ" ಎಂದು ಹೊರಟುಹೋಗಿದ್ದ.

ಎಲ್ಲವೂ ಚೆನ್ನಾಗಿಯೇ ಇತ್ತು. ಆದರೆ ನಿನ್ನೆ ಸಂಜೆ ಅಂಗಡಿ ಗುಡಿಸುವಾಗ ಭಾವನ ಕೆಳದವಡೆಯ ಅಚ್ಚು ಮೇಸ್ತ್ರಿಯ ಕೈಗೆ ಸಿಕ್ಕಿತು. ಅದರ ಎಡಭಾಗದಲ್ಲಿ ಅವನೇ ಪೆನ್ಸಿಲಿನಿಂದ ಗೆರೆ ಎಳೆದು, "ಇಲ್ಲಿ ಅರ ಹಾಕಕೂಡದು, ತೆಳು" ಎಂದು ಬರೆದಿದ್ದ. ತಾನು ಅರದಿಂದ ಉಜ್ಜಿ ಸವೆಸಿದ್ದು ಸರಿಯಾಗಿ ಅಲ್ಲಿಯೇ ಎಂಬುದು ಅವನ ಕೈಗೆ ನೆನಪಿತ್ತು. ಒಂದು ಆಲಿವ್ ಬೀಜ ಆ ಜಾಗದಲ್ಲಿ ಸಿಕ್ಕಿಕೊಂಡರೆ ಸೆಟ್ಟು ಎರಡು ಹೋಳು. ಅದರೊಂದಿಗೆ ಮೇಸ್ತ್ರಿಯ ಮಾನವೂ ಎರಡು ಹೋಳು. ಹೋಗಿ ಹೇಳಿ ಸರಿಮಾಡಿಕೊಡಬಹುದಿತ್ತು. ಆದರೆ ಭಾವನಿಗೆ? ಈ ಜನ್ಮದಲ್ಲಿ?

ಹೆಂಡತಿ: ಬೀಜ ತೆಗೆದ್ರೆ ಕಾಯಿ ಬೆಂದು ಹಿಸುಕಿಹೋಗುತ್ತೆ. ಬೀಜ ಇದ್ರೇನೇ ಕಾಯಿಗೊಂದು ಆಕಾರ. ನಮ್ಮಮ್ಮನೂ ಹಾಗೇ ಹಾಕ್ತಿದ್ದಿದ್ದು.

ಮೇಸ್ತ್ರಿ: ನಿಮ್ಮಮ್ಮನ ಕಾಲದಲ್ಲಿ ನಿಮ್ಮಣ್ಣನಿಗೆ ಸ್ವಂತ ಹಲ್ಲಿತ್ತು.

ಹೆಂಡತಿ: ಈಗ ನೀವು ಮಾಡಿಕೊಟ್ಟಿದ್ದು ಇದೆಯಲ್ಲ! ಮೂಳೆ ಕಡಿದರೂ ಜಗ್ಗಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ರಿ.

ಮೇಸ್ತ್ರಿ: ಹಲ್ಲಿನ ಮಾತು ಬಿಡು. ವಯಸ್ಸಾದ ಜೀವ. ಎರಡು ವರ್ಷ ಗಂಜಿ ಕುಡಿದ ಬಾಯಿ. ಪಾಪ.

ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತಿತು.

ಹೆಂಡತಿ: ಏನಂದ್ರಿ?

ಮೇಸ್ತ್ರಿ: ಏನಂದೆ?

ಹೆಂಡತಿ: ಪಾಪ ಅಂದ್ರಿ. ನಮ್ಮಣ್ಣನಿಗೆ ಪಾಪ ಅಂದ್ರಿ! ಮೂವತ್ತೊಂದು ವರ್ಷದಲ್ಲಿ ಅವನ ಹೆಸರು ಬಂದ್ರೆ ಮುಖ ಸಿಂಡರಿಸಿಕೊಂಡು ಅಂಗಡಿಗೆ ಎದ್ದು ಹೋಗ್ತಿದ್ದೋರು!

ಮೇಸ್ತ್ರಿ: ಅದು… ಮನುಷ್ಯ ಅಂದಮೇಲೆ…

ಹೆಂಡತಿ: ಬೇಡ, ಬಾಯಿಬಿಟ್ಟು ಹೇಳಬೇಡಿ. ನನಗೆ ಗೊತ್ತಾಯ್ತು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿ ಅಲ್ಲೇ ಇತ್ತು. ಆದರೆ ಅದು ಹೆಚ್ಚಿ ಅರ್ಧ ಗಂಟೆಯಾಗಿತ್ತು. ಮೇಸ್ತ್ರಿ ಈರುಳ್ಳಿಯೇ ಇರಬಹುದೆಂದು ನಂಬಲು ಪ್ರಯತ್ನಪಟ್ಟ. ನಂಬಿಕೆ ಬರಲಿಲ್ಲ.

ಹೆಂಡತಿ: ಸರಿ, ಮೂಳೆ ಬಿಡಿಸ್ತೀನಿ. ಎಷ್ಟು ಹೊತ್ತು ಬೇಯಬೇಕೋ ಅಷ್ಟು ಬೇಯಲಿ. ಆದ್ರೆ ಆ ಸೀಸೆ ತುಂಬ ಕಾಯಿಗೆ ಬೀಜ ತೆಗೆಯೋದು ನನ್ನ ಕೈಲಾಗಲ್ಲ.

ಮೇಸ್ತ್ರಿ: ನಾನು ತೆಗೀತೀನಿ.

ಹೆಂಡತಿ: ನೀವು? ಒಂದು ಲೋಟ ನೀರು ಬಗ್ಗಿಸಿಕೊಳ್ಳದೋರು?

ಮೇಸ್ತ್ರಿ ಆಗಲೇ ಅಂಗಡಿಯಿಂದ ಮೇಣ ಕೆತ್ತುವ ಸಣ್ಣ ಚಾಕುವನ್ನೂ ಚಿಮಟವನ್ನೂ ದೀಪವನ್ನೂ ತಂದು ಊಟದ ಮೇಜಿನ ಮುಂದೆ ಕುಳಿತಿದ್ದ.

ಹೆಂಡತಿ: ಅದು ತೊಳೆದಿದ್ದಾ?

ಮೇಸ್ತ್ರಿ: ಹೊಸದು. ಯಾರ ಬಾಯಿಗೂ ಹೋಗಿದ್ದಲ್ಲ.

ಹೆಂಡತಿ: ಆದರೂ ಬಿಸಿನೀರಲ್ಲಿ ಅದ್ದಿ.

ಅದ್ದಿದ. ಕನ್ನಡಕ ಏರಿಸಿ ಒಂದೊಂದೇ ಕಾಯಿಯನ್ನು ದೀಪದ ಕೆಳಗೆ ಹಿಡಿದು, ಸೀಳಿ, ಬೀಜವನ್ನು ಚಿಮಟದಿಂದ ಎತ್ತಿ, ಒಳಗೆ ಚೂರೇನಾದರೂ ಉಳಿದಿದೆಯೇ ಎಂದು ಇಣುಕಿ ನೋಡಿದ. ಗಿರಾಕಿಯ ಹಲ್ಲಿಗೂ ಅವನು ಇಷ್ಟು ಶ್ರದ್ಧೆ ತೋರಿಸಿದ್ದಿಲ್ಲ. ತೋರಿಸಿದ್ದರೆ ಈ ಕೆಲಸವೇ ಇರುತ್ತಿರಲಿಲ್ಲ.

ಹೆಂಡತಿ: ಅಣ್ಣನಿಗೆ ಫೋನ್ ಮಾಡಿ ಹೇಳ್ತೀನಿ. ಇವರೇ ಕೂತು ನಿನಗೋಸ್ಕರ ಬೀಜ ತೆಗೀತಿದ್ದಾರೆ ಅಂತ.

ಮೇಸ್ತ್ರಿ: ಬೇಡ ಬೇಡ ಬೇಡ!

ಹೆಂಡತಿ: ಯಾಕ್ರೀ ಅಷ್ಟು ಗಾಬರಿ?

ಮೇಸ್ತ್ರಿ: ಮಾಡಿದ್ದನ್ನ ಹೇಳಿಕೊಳ್ಳಬಾರದು.

ಹೆಂಡತಿ: ಅಯ್ಯೋ, ನಿಮ್ಮಂಥೋರನ್ನ ಅಣ್ಣ ಅರ್ಥಮಾಡಿಕೊಳ್ಳಲಿಲ್ಲವಲ್ಲ!

ಮಾಂಸ ಕೆಂಪಗಾಗುವವರೆಗೆ ಹುರಿದಾಯಿತು. ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ಮೆಣಸಿನಪುಡಿ ಬಿದ್ದವು. ಉಪ್ಪು ಬೀಳಲಿಲ್ಲ, ಆಲಿವ್ ಬಂದಮೇಲೆ ರುಚಿ ನೋಡಿ ಹಾಕಬೇಕು, ಅದರ ಹೊಟ್ಟೆಯಲ್ಲೇ ಉಪ್ಪಿದೆ ಎಂದಳು ಅವಳು. ಮುಚ್ಚಳ ಮುಚ್ಚಿತು. ಒಂದೂವರೆ ಗಂಟೆ ಕಳೆದಮೇಲೆ ಮೇಸ್ತ್ರಿ ಒಂದು ತುಂಡನ್ನು ಎಡದವಡೆಯಲ್ಲಿಟ್ಟು ಕಣ್ಣು ಮುಚ್ಚಿ ಕಚ್ಚಿದ.

ಮೇಸ್ತ್ರಿ: ಇನ್ನೂ ಒಂದು ಗಂಟೆ ಬೇಯಲಿ.

ಹೆಂಡತಿ: ಕರಗಿ ಸಾರಾಗುತ್ತೆ!

ಮೇಸ್ತ್ರಿ: ಆಗಲಿ.

ಹೆಂಡತಿ: ಆಮೇಲೆ ಚಮಚದಲ್ಲಿ ಕುಡೀಬೇಕು.

ಮೇಸ್ತ್ರಿ: ಕುಡೀಲಿ.

ಹೆಂಡತಿ: ಮತ್ತೆ ಹಲ್ಲು ಯಾಕೆ ಮಾಡಿಸಿಕೊಂಡ?

ಮೇಸ್ತ್ರಿ ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿಕೊಂಡ.

ಮೇಸ್ತ್ರಿ: ನಗೋದಕ್ಕೆ.

ಹೆಂಡತಿ: ನಮ್ಮಣ್ಣ ನಕ್ಕಿದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಒಂದು ಗಂಟೆಗೆ ಸರಿಯಾಗಿ ಕರೆಗಂಟೆ ಸದ್ದು ಮಾಡಿತು. ಭಾವ ಒಳಗೆ ಬಂದು, ಚಪ್ಪಲಿ ಬಿಟ್ಟು, ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದ. ತುಟಿ ಬಿಗಿಯಾಗಿ ಮುಚ್ಚಿತ್ತು.

ಮೇಸ್ತ್ರಿ: ಬನ್ನಿ ಭಾವ. ಆರಾಮಾ?

ಭಾವ: ಹ್ಞೂಂ.

ಮೇಸ್ತ್ರಿ: ಎಲ್ಲಾ… ಸರಿಯಾಗಿ ಕೂತಿದೆ ತಾನೆ?

ಭಾವ: ಹ್ಞೂಂ.

"ಮುರಿದಿದೆ," ಎಂದುಕೊಂಡ ಮೇಸ್ತ್ರಿ. "ದಾರಿಯಲ್ಲೇ ಮುರಿದಿದೆ. ತಂಗಿಯ ಮುಂದೆ ಹೇಳಿ ನನ್ನನ್ನು ಮಣ್ಣುಮಾಡಬೇಕೆಂದು ಕಾಯುತ್ತಿದ್ದಾನೆ."

ಆದರೆ ಭಾವ ತಟ್ಟೆಗೆ ಬಡಿಸಿದ್ದನ್ನು ಊದಿ, ಬ್ರೆಡ್ಡಿನ ಚೂರನ್ನು ಗೊಜ್ಜಿನಲ್ಲಿ ಅದ್ದಿ, ಬಾಯಿ ಮುಚ್ಚಿಕೊಂಡೇ ತಿನ್ನತೊಡಗಿದ. ಮೇಸ್ತ್ರಿಯ ಕಣ್ಣು ಅವನ ಎಡಗೆನ್ನೆಯ ಮೇಲೆ ನೆಟ್ಟಿತ್ತು. ಎಡಗೆನ್ನೆ ಆಡಿತು, ಬಲಗೆನ್ನೆಯೂ ಆಡಿತು. ಕಟ್ ಎನ್ನಲಿಲ್ಲ, ಚಟ್ ಎನ್ನಲಿಲ್ಲ. ಮೊದಲ ತಟ್ಟೆ ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯದಕ್ಕೆ ಭಾವ ತಾನೇ ತಟ್ಟೆ ಮುಂದೆ ತಳ್ಳಿದ.

ಮೇಸ್ತ್ರಿ: ಹೇಗಿದೆ ಭಾವ?

ಭಾವ: ಭೇಷ್.

ಮೇಸ್ತ್ರಿ: ಎಡಗಡೆ?

ಭಾವ: ಎಡಗಡೇನೂ ಭೇಷ್.

ಮೇಸ್ತ್ರಿಯ ಎದೆ ಹಿಗ್ಗಿತು. ಅರ ಹಾಕಿದ್ದು, ಗೆರೆ ಎಳೆದದ್ದು, ರಾತ್ರಿಯೆಲ್ಲ ಹೊರಳಾಡಿದ್ದು, ಎಲ್ಲವೂ ಸುಳ್ಳಾಗಿ, ತಾನು ಬುಧವಾರ ಹೇಳಿದ ಮಾತೊಂದೇ ನಿಜವಾಗಿ ಕಂಡಿತು. ಹೆದರಿಕೆ ಹೋದ ಮನುಷ್ಯನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಮೇಸ್ತ್ರಿ: ನಾನು ಹೇಳಿದ್ದೆ! ಕೈಕೆಲಸ ಅಂದ್ರೆ ಇದು. ಆ ಇಬ್ಬರ ಹತ್ರ ಹೋಗಿ ದುಡ್ಡು ದಂಡ ಮಾಡಿದ್ರಿ. ಲೇ, ಸೀಸೆಯಲ್ಲಿ ಬೀಜ ಇರೋ ಕಾಯಿ ಒಂದೆರಡು ಉಳಿದಿದೆ, ತಾ. ಭಾವ ಅದನ್ನೂ ಕಡಿದು ತೋರಿಸಲಿ!

ಆಗ ಭಾವ ನಕ್ಕ. ತಂಗಿ ಹುಟ್ಟಿದಾಗಿನಿಂದ ಕಾಣದ ನಗೆಯನ್ನು ಬಾಯ್ತುಂಬ ನಕ್ಕ. ಬಾಯೊಳಗೆ, ಈ ಕೊನೆಯಿಂದ ಆ ಕೊನೆಯವರೆಗೆ, ಹಲ್ಲೆಂಬುದು ಹೆಸರಿಗೂ ಇರಲಿಲ್ಲ.

ಹೆಂಡತಿ: ಅಣ್ಣಾ! ಹಲ್ಲೆಲ್ಲಿ?

ಭಾವ: ಕೋಟಿನ ಜೇಬಲ್ಲಿದೆ, ಕರವಸ್ತ್ರದಲ್ಲಿ. ಬೆಚ್ಚಗಿದೆ.

ಹೆಂಡತಿ: ಹಲ್ಲಿಲ್ಲದೆ ಮೂರು ತಟ್ಟೆ ತಿಂದ್ಯಾ?

ಭಾವ: ಬರೋವಾಗ ಹೆದರಿಕೊಂಡೇ ಬಂದೆ ಕಣೇ, ಹೇಗೆ ನುಂಗೋದು ಅಂತ. ಬಾಯಿಗಿಟ್ಟರೆ ಬೆಣ್ಣೆ! ಇದಕ್ಕೆ ಹಲ್ಲು ಯಾವ ಕರ್ಮಕ್ಕೆ?

ಮೇಸ್ತ್ರಿ: ಹಾಕಿಕೊಂಡು ಬರಬಾರದಿತ್ತಾ ಭಾವ…

ಭಾವ: ಹಾಕಿಕೊಂಡ್ರೆ ಎಡಗಡೆ ಚುಚ್ಚುತ್ತಪ್ಪ. ಬುಧವಾರದಿಂದಾನೂ. ಹೇಳೋಣ ಅಂದುಕೊಂಡೆ. ಒಂದು ಮಾತು ಅಂದಿದ್ದಕ್ಕೆ ಮೂವತ್ತೊಂದು ವರ್ಷ ಮುಖ ಊದಿಸಿಕೊಂಡಿದ್ದೀಯ. ಇನ್ನೊಂದು ಅಂದರೆ ಅದು ಮುಗಿಯೋದನ್ನ ನೋಡೋಕೆ ನಾನಿರಲ್ಲ. ಅದಕ್ಕೇ ಬಾಯಿಮುಚ್ಚಿಕೊಂಡು ತಿಂದು ಹೋಗೋಣ ಅಂತ ಬಂದೆ.

ಮೇಸ್ತ್ರಿ ತಟ್ಟೆಯನ್ನು ನೋಡಿದ. ಇಷ್ಟು ಒಳ್ಳೆಯ ಮಾತಿನ ಮುಂದೆ ಸುಳ್ಳು ನಿಲ್ಲಲಾರದೆ ಹೋಯಿತು.

ಮೇಸ್ತ್ರಿ: ಚುಚ್ಚುತ್ತೆ ಭಾವ. ಚುಚ್ಚಲೇಬೇಕು. ಅಲ್ಲಿ ನಾನು ಅರ ಜಾಸ್ತಿ ಹಾಕಿಬಿಟ್ಟೆ. ನಿನ್ನೆ ಸಂಜೆ ಗೊತ್ತಾಯ್ತು.

ಹೆಂಡತಿ ನಿಧಾನವಾಗಿ ಕುರ್ಚಿ ಎಳೆದು ಕುಳಿತಳು.

ಹೆಂಡತಿ: ನಿನ್ನೆ ಸಂಜೆ. ಅಂದ್ರೆ ಮೂಳೆ ಬೇಡ ಅಂದದ್ದು?

ಮೇಸ್ತ್ರಿ: ಸೆಟ್ಟು ಒಡೀಬಾರದು ಅಂತ.

ಹೆಂಡತಿ: ಎರಡು ಗಂಟೆ ಕೂತು ಬೀಜ ತೆಗೆದದ್ದು?

ಮೇಸ್ತ್ರಿ: ಅದೂ ಅದಕ್ಕೇ.

ಹೆಂಡತಿ: ಪಾಪ ಅಂದದ್ದು?

ಮೇಸ್ತ್ರಿ: ಅದು… ನನಗೆ ನಾನೇ ಅಂದುಕೊಂಡದ್ದು.

ಹೆಂಡತಿ: ನಾನು ಕಣ್ಣೀರು ಹಾಕಿದೆನಲ್ರೀ!

ಮೇಸ್ತ್ರಿ: ಈರುಳ್ಳಿ ಇರಬಹುದು ಅಂತ…

ಹೆಂಡತಿ: ಈರುಳ್ಳಿಯಂತೆ ಈರುಳ್ಳಿ!

ಭಾವ ಇದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನು ತಟ್ಟೆಯಂಚಿನಲ್ಲಿ ಉಳಿದಿದ್ದ ಒಂದು ಆಲಿವ್ ಕಾಯಿಯನ್ನು ಬೆರಳಿನಿಂದ ಎತ್ತಿ, ಬೀಜ ತೆಗೆದ ಸೀಳನ್ನು ಟಿಕೆಟ್ಟಿನ ತೂತನ್ನು ನೋಡುವಂತೆ ನೋಡುತ್ತಿದ್ದ.

ಭಾವ: ಇದು ನಿನ್ನ ಕೈಕೆಲಸವಾ?

ಮೇಸ್ತ್ರಿ: ಹೌದು ಭಾವ.

ಭಾವ: ಗಂಟೆಗಟ್ಟಲೆ ಬೇಯಿಸು ಅಂದದ್ದೂ ನೀನೇನಾ?

ಮೇಸ್ತ್ರಿ: ನಾನೇ. ಇವಳು ಬೇಡ ಅಂದ್ಲು.

ಭಾವ: ನಮ್ಮಮ್ಮನ ಕೈಯಲ್ಲೂ ಇಷ್ಟು ಹದ ಬಂದಿದ್ದಿಲ್ಲ ಕಣಯ್ಯಾ. ಆವತ್ತು ನೀನು ಹಲ್ಲು ಮಾಡೋವನು ಅಂತ ಯಾಕೆ ಹೇಳಿದೆ? ಅಡುಗೆ ಮಾಡೋವನು ಅಂದಿದ್ರೆ ನಾನು ಅಲ್ಲೇ ಒಪ್ಪಿಕೊಳ್ತಿದ್ದೆ!

ಮೂವತ್ತೊಂದು ವರ್ಷ ಕಾದಿದ್ದ ಹೊಗಳಿಕೆ ಕೊನೆಗೂ ಬಂದಿತ್ತು. ವಿಳಾಸ ಮಾತ್ರ ತಪ್ಪಿತ್ತು. ಅಡುಗೆ ಮಾಡಿದ್ದು ಅವಳು ಎಂದು ಹೇಳಲು ಮೇಸ್ತ್ರಿ ಬಾಯಿ ತೆರೆದ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ತೆರೆದ ಬಾಯಿ ಬೇರೊಂದು ಮಾತನ್ನು ಆಡಿತು.

ಮೇಸ್ತ್ರಿ: ಇನ್ನೊಂಚೂರು ಹಾಕಲಾ ಭಾವ?

ಹೆಂಡತಿ: ಹಾಕಿ ಹಾಕಿ, ಮಾಡಿದೋರೇ ಬಡಿಸಬೇಕು. ಅಣ್ಣಾ, ನೀನು ನಿಧಾನವಾಗಿ ತಿಂದು ಇಲ್ಲೇ ಕೂತಿರು. ಇವರು ಪಾತ್ರೆ ತೊಳೆಯೋದನ್ನೂ ನೋಡಿಕೊಂಡು ಹೋಗುವೆಯಂತೆ.